ಹಿತ್ತಿಲಿನ ಎಂಟು ಸೆಂಟ್ಸ್: ಮರ ಉಳಿಸಲೇ, ಇಂಟರ್‌ಲಾಕ್ ಹಾಕಲೇ?

ಪ್ರಶ್ನೆ: ಸರ್, ನಮಸ್ಕಾರ. ನಾನು ಬ್ಯಾಂಕಿನಿಂದ ನಿವೃತ್ತಿಯಾದವಳು. ಮಂಗಳೂರಿನ ಕದ್ರಿ ಗುಡ್ಡದ ಇಳಿಜಾರಿನಲ್ಲಿ 14 ಮನೆಗಳ ಒಂದು ಅಪಾರ್ಟ್‌ಮೆಂಟ್‌ನಲ್ಲಿದ್ದೇನೆ. ಕಟ್ಟಡದ ಹಿಂದೆ ಸುಮಾರು ಎಂಟು ಸೆಂಟ್ಸ್ ಜಾಗ ಹಾಗೇ ಉಳಿದಿದೆ. ಮೊದಲು ಇಲ್ಲಿದ್ದ ಹಳೇ ಮನೆಯ ಹಿತ್ತಿಲು ಅದು. ಎರಡು ದೊಡ್ಡ ಮಾವಿನ ಮರ, ಕೆಳಗಿನ ದರೆಯ ಅಂಚಿನಲ್ಲಿ (ಗುಡ್ಡ ಕಡಿದಾಗ ಉಳಿದ ನೆಟ್ಟನೆ ಮಣ್ಣಿನ ಗೋಡೆಯೇ ದರೆ) ಒಂದು ಹಲಸಿನ ಮರ, ಒಂದು ಬಾವಿ. ಮೂಲೆಯಲ್ಲಿ ಪಾಲೆ ಮರದ ಬುಡದಲ್ಲಿ ನಾಗನ ಕಲ್ಲುಗಳಿವೆ. ಮೂಲದ ಕುಟುಂಬದವರು ವರ್ಷಕ್ಕೊಮ್ಮೆ ಬಂದು ನಾಗನಿಗೆ ತಂಬಿಲ ಪೂಜೆ ಮಾಡಿಸಿ ಹೋಗುತ್ತಾರೆ.

ಈಗ ನಮ್ಮ ಅಸೋಸಿಯೇಶನ್‌ನವರು ಅದನ್ನೆಲ್ಲ ತೆಗೆದು ನೆಲಕ್ಕೆ ಇಂಟರ್‌ಲಾಕ್ ಸಿಮೆಂಟ್ ಬ್ಲಾಕ್ ಹಾಕಿ, ಒಂಬತ್ತು ಕಾರಿಗೆ ಪಾರ್ಕಿಂಗ್ ಮಾಡುವ ಅಂತ ಹೊರಟಿದ್ದಾರೆ. ಅವರ ದೂರುಗಳು ಇವು: ದೀಪಾವಳಿ ಹೊತ್ತಿಗೆ ಮೆಟ್ಟಿಲಿನ ಮೇಲೆ ನಾಗರಹಾವು ಕಾಣಿಸಿತು. ಜುಲೈಯಲ್ಲಿ ಇಬ್ಬರಿಗೆ ಡೆಂಗ್ಯೂ ಬಂತು. ಜೂನ್ ಗಾಳಿಗೆ ಮಾವಿನ ಗೆಲ್ಲು ಮುರಿದು ಒಬ್ಬರ ಕಾರಿನ ಗಾಜು ಹೋಯಿತು. ಹಲಸಿನ ಬೇರಿನಿಂದ ಕಾಂಪೌಂಡ್ ಬಿರುಕು ಬಿಟ್ಟಿದೆ. ತರಗೆಲೆ ಗುಡಿಸಿ ಸಾಕಾಗಿದೆ. ಬಾವಿ ನೀರನ್ನು ಮರಗಳೇ ಕುಡಿಯುತ್ತವೆ ಅಂತಲೂ ಹೇಳುತ್ತಾರೆ. ಕೆಲವರು ಮಾತ್ರ, 'ಮಾವಿನ ಮರ ಇರಲಿ, ಬುಡಕ್ಕೆ ಎರಡಡಿ ಚೌಕ ಬಿಟ್ಟು ಸುತ್ತ ಇಂಟರ್‌ಲಾಕ್ ಹಾಕುವ' ಅನ್ನುತ್ತಾರೆ.

ನಾನು ಬೇಡ ಅಂದೆ. ಒಂದು ಮರ ನಾಲ್ಕು ಜನಕ್ಕೆ ಆಮ್ಲಜನಕ ಕೊಡುತ್ತದೆ, ಮರ ಇದ್ದರೆ ಹತ್ತು ಡಿಗ್ರಿ ಸೆಕೆ ಕಮ್ಮಿ ಅಂತ ವಾಟ್ಸಾಪ್‌ನಲ್ಲಿ ಓದಿದ್ದನ್ನು ಹೇಳಿದೆ. ನಕ್ಕರು. ಮುಂದಿನ ತಿಂಗಳು ಮೀಟಿಂಗ್ ಇದೆ. ನಾನು ಸುಮ್ನೆ ಹಠ ಮಾಡುತ್ತಿದ್ದೇನಾ?

ಉತ್ತರ: ಹಠ ಅಲ್ಲ ಮೇಡಂ. ಆದರೆ ನಿಮ್ಮ ವಾದ ಸ್ವಲ್ಪ ಸಡಿಲ ಇದೆ. ಅವರದ್ದೂ ಅಷ್ಟೇ. ನಿಮ್ಮ ಅಸೋಸಿಯೇಶನ್‌ನವರು ಆರು ಬೇರೆ ಬೇರೆ ಸಮಸ್ಯೆಗಳನ್ನು ಒಂದೇ ಬುಟ್ಟಿಗೆ ಹಾಕಿ ಅದಕ್ಕೆ 'ಮರ' ಅಂತ ಹೆಸರಿಟ್ಟಿದ್ದಾರೆ. ಬಿಡಿಸಿ ನೋಡಿದರೆ ಹೆಚ್ಚಿನವಕ್ಕೆ ಕಾರಣ ಮರ ಅಲ್ಲ. ಒಂದೆರಡಕ್ಕೆ ಮರವೇ ಕಾರಣ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊದಲು ನಿಮ್ಮ ವಾಟ್ಸಾಪ್ ವಾದಗಳನ್ನೇ ಬದಿಗಿಡುವ. ಗಾಳಿಯಲ್ಲಿ ಆಮ್ಲಜನಕ ಹೇಗೂ ಶೇಕಡಾ 21ರಷ್ಟಿದೆ. ಮೂರು ಮರ ಕಡಿದರೆ ನಿಮ್ಮ ಅಂಗಳದಲ್ಲಿ ಅದು ಕಮ್ಮಿಯಾಗುವುದಿಲ್ಲ, ನೆಟ್ಟರೆ ಹೆಚ್ಚುವುದೂ ಇಲ್ಲ. ಅಶ್ವತ್ಥ ಮರ ರಾತ್ರಿಯೂ ಆಮ್ಲಜನಕ ಬಿಡುತ್ತದೆ ಅನ್ನುವುದೂ ಇದೇ ಸಾಲಿನ ಮಾತು. ಬೆಳಕಿಲ್ಲದೆ ಯಾವ ಮರವೂ ಆ ಕೆಲಸ ಮಾಡುವುದಿಲ್ಲ. ಹತ್ತು ಡಿಗ್ರಿಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಮೂರು ಮರದ ಅಡಿಯಲ್ಲಿ ಥರ್ಮಾಮೀಟರ್ ಹಿಡಿದರೆ ಗಾಳಿಯ ಬಿಸಿ ಒಂದೆರಡು ಡಿಗ್ರಿ ಕಮ್ಮಿ ಇದ್ದೀತು, ಅಷ್ಟೇ. ಆದರೆ ನೆಲ ಮುಟ್ಟಿ ನೋಡಿ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಬಿದ್ದ ಇಂಟರ್‌ಲಾಕ್ 50 ಡಿಗ್ರಿ ದಾಟುವುದು ಕಷ್ಟವೇನಲ್ಲ, ಬರಿಗಾಲಲ್ಲಿ ನಿಲ್ಲಲಿಕ್ಕಾಗದು. ನೆರಳಿನಲ್ಲಿರುವ ಮಣ್ಣು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಇದರಲ್ಲಿ ನಮ್ಮ ಊರಿನದ್ದೇ ಒಂದು ವಿಶೇಷ ಉಂಟು. ಬಳ್ಳಾರಿ, ಕಲಬುರಗಿಯಂಥ ಒಣ ಊರಿನಲ್ಲಿ ಎಲೆಗಳು ನೀರು ಆವಿ ಮಾಡಿದಾಗ ಸುತ್ತಲಿನ ಗಾಳಿ ಚೆನ್ನಾಗಿ ತಣಿಯುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ನಮ್ಮ ಬೆವರು ಆರದ್ದಕ್ಕೂ ಅದೇ ಕಾರಣ. ಹಾಗಾಗಿ ಇಲ್ಲಿ ಮರದ ದೊಡ್ಡ ಉಪಕಾರ ಎಂದರೆ ನೆರಳು. ಬಿಸಿಲು ಗೋಡೆಗೂ ನೆಲಕ್ಕೂ ಬೀಳದಂತೆ ತಡೆಯುವುದು. ಬಿಸಿಲುಂಡ ಕಾಂಕ್ರೀಟ್ ರಾತ್ರಿ ಹತ್ತಾದರೂ ಶಾಖ ಬಿಡುತ್ತಲೇ ಇರುತ್ತದೆ. ನಿಮ್ಮ ಕಟ್ಟಡದ ಪಶ್ಚಿಮದ ಗೋಡೆಗೆ ಈಗ ಮಾವಿನ ನೆರಳು ಬೀಳುತ್ತಿದ್ದರೆ ಆ ಕಡೆಯ ಮನೆಯವರನ್ನು ಮೊದಲು ಮಾತಾಡಿಸಿ. ಮರ ಹೋದ ಮೇಲೆ ಎಸಿ ಬಿಲ್ಲು ಕಟ್ಟುವವರು ಅವರು.

ಈಗ ದೂರುಗಳಿಗೆ ಬರುವ. ನಾಗರಹಾವು ಮೆಟ್ಟಿಲಿಗೆ ಬಂದದ್ದು ಮರ ನೋಡಲಿಕ್ಕಲ್ಲ, ಇಲಿ ಹುಡುಕಿಕೊಂಡು. ಇಲಿ ಎಲ್ಲಿರುತ್ತದೆ? ಕಸ ಇಟ್ಟಲ್ಲಿ, ಹಳೇ ಹಂಚು ರಾಶಿ ಹಾಕಿದಲ್ಲಿ, ಸಂದು ಬಿಟ್ಟ ಕೆಂಪುಕಲ್ಲಿನ ಗೋಡೆಯಲ್ಲಿ. ನಾನು ನೋಡಲು ಹೋದ ಇಂಥ ಹಿತ್ತಿಲುಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಒಂದು ಹಂಚಿನ ರಾಶಿ ಇದ್ದೇ ಇರುತ್ತದೆ. 'ನಾಳೆ ಬೇಕಾದೀತು' ಅಂತ ಹತ್ತು ವರ್ಷದ ಹಿಂದೆ ಇಟ್ಟದ್ದು. ಅದನ್ನು ಸಾಗಿಸಿ, ಕಸದ ಡಬ್ಬಿಗೆ ಮುಚ್ಚಳ ಹಾಕಿಸಿ, ಕಟ್ಟಡದ ಗೋಡೆಯಿಂದ ಐದಾರು ಅಡಿ ಪೊದೆ ಇಲ್ಲದಂತೆ ನೋಡಿಕೊಳ್ಳಿ, ಮೆಟ್ಟಿಲಿಗೆ ರಾತ್ರಿ ಬೆಳಕಿರಲಿ. ಒಂದೇ ದಿನ ಜೆಸಿಬಿ ತಂದು ಇಡೀ ಹಿತ್ತಿಲು ಬೋಳಿಸಿದರೆ ಆಗುವುದು ಉಲ್ಟಾ. ಅಲ್ಲಿರುವ ಹಾವುಗಳೆಲ್ಲ ಜಾಗ ಹುಡುಕಿಕೊಂಡು ಹೊರಡುತ್ತವೆ, ಹತ್ತಿರದ ತಂಪು ಮೂಲೆ ಎಂದರೆ ನಿಮ್ಮ ನೆಲಮಹಡಿಯ ಬಾತ್‌ರೂಮ್. ಹಾವು ಕಂಡರೆ ಹೊಡೆಯುವುದು ಬೇಡ, ಕಾನೂನಿನಲ್ಲೂ ಅಪರಾಧ. ಹಿಡಿಯುವವರನ್ನು ಕರೆಸಿ. ಕೇರೆ ಹಾವಾದರೆ ಕರೆಸುವುದೂ ಬೇಡ, ಸಂಬಳ ಇಲ್ಲದೆ ಇಲಿ ಹಿಡಿಯುತ್ತದೆ.

ಡೆಂಗ್ಯೂ ವಿಷಯದಲ್ಲಿ ನಿಮ್ಮವರು ತಪ್ಪು ದಿಕ್ಕಿಗೆ ನೋಡುತ್ತಿದ್ದಾರೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುವಂಥದ್ದು, ಹುಟ್ಟಿದ ಜಾಗದಿಂದ ಬಹಳ ದೂರ ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ಕಾಡಲ್ಲ, ಒಂದು ಲೋಟದಷ್ಟು ನಿಂತ ನೀರು. ಹೂಕುಂಡದ ಅಡಿಯ ತಟ್ಟೆ, ತೆಂಗಿನ ಚಿಪ್ಪು, ಬಿದ್ದ ಅಡಿಕೆ ಹಾಳೆ, ಟಾರ್ಪಾಲಿನ ಮಡಿಕೆ, ಬೀಗ ಹಾಕಿ ವಿದೇಶಕ್ಕೆ ಹೋದವರ ಫ್ಲ್ಯಾಟಿನ ಕಮೋಡ್. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ, ಅದೇ ದಿನ, ಎಲ್ಲ ನೀರು ಚೆಲ್ಲಬೇಕು. ಹೊಗೆ ಬಿಟ್ಟರೆ ಹಾರುವ ಸೊಳ್ಳೆ ಮಾತ್ರ ಸಾಯುತ್ತದೆ, ನಾಲ್ಕು ದಿನ ಬಿಟ್ಟು ಮತ್ತೊಂದು ತಂಡ ತಯಾರು.

ಮರದ ಪಾಲೂ ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಹಳೇ ಮಾವಿನ ಪೊಟರೆಯಲ್ಲಿ ನೀರು ನಿಂತರೆ ಅಲ್ಲೂ ಈಡಿಸ್ ಹುಟ್ಟುತ್ತದೆ. ಪೊಟರೆಗೆ ಮರಳು ತುಂಬಿಸಿ. ಸಿಮೆಂಟ್ ಬೇಡ, ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಮಲೇರಿಯಾದ್ದು ಬೇರೆ ಕಥೆ. ನಮ್ಮ ಪೇಟೆಯಲ್ಲಿ ಅದನ್ನು ಹರಡುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಗೆ ಇಷ್ಟ ಶುದ್ಧ ನೀರು. ಓವರ್‌ಹೆಡ್ ಟ್ಯಾಂಕ್, ಕಟ್ಟುತ್ತಿರುವ ಕಟ್ಟಡದಲ್ಲಿ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ಬಾವಿ. ನಿಮ್ಮ ಬಾವಿಗೆ ಸೊಳ್ಳೆ ನುಗ್ಗದಂಥ ಸಣ್ಣ ಕಣ್ಣಿನ ಬಲೆ ಕಟ್ಟಿಸಿ, ಒಂದು ಹಿಡಿ ಗಪ್ಪಿ ಮೀನು ಬಿಡಿ.

ತರಗೆಲೆಗೆ ಹೆಚ್ಚು ಮಾತು ಬೇಡ. ಮರದ ಕೆಳಗೇ ಬಿಡಿ. ಸುಡಬೇಡಿ. ಕಟ್ಟಡದ ಪೈಪಿನ ಬಾಯಿಗೆ ಜಾಲರಿ ಹಾಕಿಸಿ.

ಮರ ಬಾವಿ ನೀರು ಕುಡಿಯುತ್ತದೆ ಅನ್ನುವುದು ಪೂರ್ತಿ ಸುಳ್ಳಲ್ಲ. ಬೇಸಿಗೆಯಲ್ಲಿ ದೊಡ್ಡ ಮಾವಿನ ಮರ ದಿನಕ್ಕೆ ನೂರು ಲೀಟರ್ ಮೀರಿ ನೀರು ಎಳೆಯುವುದುಂಟು. ಆದರೆ ಇನ್ನೊಂದು ಕಡೆಯ ಲೆಕ್ಕ ನೋಡಿ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಮಳೆ ಬೀಳುತ್ತದೆ. ಒಂದು ಸೆಂಟ್ಸ್ ಎಂದರೆ 40 ಚದರ ಮೀಟರ್ ಚಿಲ್ಲರೆ. ಗುಣಿಸಿದರೆ ಒಂದು ಸೆಂಟ್ಸ್ ಮೇಲೆ ವರ್ಷಕ್ಕೆ 1 ಲಕ್ಷ 40 ಸಾವಿರ ಲೀಟರ್ ನೀರು. ನಿಮ್ಮ ಎಂಟು ಸೆಂಟ್ಸ್ ಮೇಲೆ 11 ಲಕ್ಷ ಲೀಟರಿಗೂ ಮೇಲೆ. 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 90 ಟ್ಯಾಂಕರ್ ದಾಟುತ್ತದೆ. ನೀವು ಬ್ಯಾಂಕಿನಲ್ಲಿದ್ದವರು, ಈ ಲೆಕ್ಕ ಮೀಟಿಂಗ್‌ನಲ್ಲಿ ನನಗಿಂತ ಚೆನ್ನಾಗಿ ಹೇಳುತ್ತೀರಿ.

ಆ ನೀರು ಈಗ ತರಗೆಲೆಯ ಮೇಲೆ ಬಿದ್ದು, ನಿಧಾನಕ್ಕೆ ಮಣ್ಣಿಗೆ ಹೋಗುತ್ತದೆ. ಇಂಟರ್‌ಲಾಕ್ ಹಾಕುವವರು 'ಸಂದಿನಲ್ಲಿ ನೀರು ಇಳಿಯುತ್ತೆ ಸರ್' ಅನ್ನುತ್ತಾರೆ. ಹಾಕಿದ ಮೊದಲ ವರ್ಷ ಸ್ವಲ್ಪ ಇಳಿದೀತು. ಆದರೆ ಅದರ ಅಡಿಯನ್ನು ಯಂತ್ರದಲ್ಲಿ ಬಡಿದು ಗಟ್ಟಿ ಮಾಡಿರುತ್ತಾರೆ, ಮೇಲಿನ ಸಂದಿನಲ್ಲಿ ಹೂಳು ಕೂತು ಪಾಚಿ ಕಟ್ಟುತ್ತದೆ. ಆಮೇಲೆ ಹೆಚ್ಚು ಕಮ್ಮಿ ಕಾಂಕ್ರೀಟೇ. ಜುಲೈಯ ಒಂದು ಜೋರು ದಿನ 100 ಮಿಲಿಮೀಟರ್ ಸುರಿಯಿತು ಎಂದರೆ ನಿಮ್ಮ ಹಿತ್ತಿಲಿನಿಂದ 30 ಸಾವಿರ ಲೀಟರಿನ ಹತ್ತಿರ ನೀರು ಒಮ್ಮೆಗೇ ಹೊರಡುತ್ತದೆ. ಎಲ್ಲಿಗೆ? ಕೆಳಗಿನವರ ಮನೆಗೆ, ರಸ್ತೆಗೆ, ತೋಡಿಗೆ (ಸಣ್ಣ ಹಳ್ಳಕ್ಕೆ).

ನಮ್ಮ ಊರಿನ ಹೆಸರುಗಳೇ ಇದನ್ನು ಹೇಳುತ್ತವೆ. ಪದವು ಎಂದರೆ ಎತ್ತರದ ಮುರಕಲ್ಲಿನ (ಕೆಂಪುಕಲ್ಲಿನ) ಬಯಲು, ಗುಡ್ಡೆ ಎಂದರೆ ಗುಡ್ಡೆ, ಬೈಲು ಎಂದರೆ ನೀರು ಬಂದು ನಿಲ್ಲುವ ಗದ್ದೆ. ಪದವಿನಂಗಡಿಯ ಮಳೆ ಪದವಿನಲ್ಲಿ ಇಂಗಿ, ಬೈಲಿನಲ್ಲಿ ಒಸರಾಗಿ ಬರುತ್ತಿತ್ತು. ಈಗ ಮೇಲೆಲ್ಲ ಸಿಮೆಂಟ್, ಕೆಳಗಿನ ಗದ್ದೆಯಲ್ಲಿ ಅಪಾರ್ಟ್‌ಮೆಂಟ್. ನೀರಿಗೆ ಹಳೇ ದಾರಿ ನೆನಪಿದೆ, ನಮಗಿಲ್ಲ. 2018ರ ಮೇ 29ರಂದು ಇನ್ನೂ ಮುಂಗಾರು ಹಿಡಿಯುವ ಹೊತ್ತಿಗೇ ಇಡೀ ಪೇಟೆ ಮುಳುಗಿದ್ದು ನಿಮಗೆ ನೆನಪಿರಬೇಕು. ಕೊಟ್ಟಾರ ಚೌಕಿಯವರಿಗಂತೂ ಪ್ರತಿ ಮಳೆಗಾಲ ನೆನಪಾಗುತ್ತದೆ. ಉಡುಪಿಯವರು 2020ರ ಸೆಪ್ಟೆಂಬರಿನಲ್ಲಿ ಅದೇ ಅನುಭವಿಸಿದರು. ಅದೇ ಊರು, 2019ರ ಬೇಸಿಗೆಯಲ್ಲಿ ಬಜೆ ಅಣೆಕಟ್ಟು ಬತ್ತಿ ಟ್ಯಾಂಕರಿಗೆ ಕಾದು ನಿಂತಿತ್ತು. ಮಂಗಳೂರಲ್ಲೂ ಆ ವರ್ಷ ತುಂಬೆ ಅಣೆಕಟ್ಟಿನ ನೀರನ್ನು ಸರದಿಯಲ್ಲಿ ಬಿಟ್ಟಿದ್ದರು.

ಇಲ್ಲಿ ಪರಿಸರದವರು, ನಾನೂ ಸೇರಿ, ಒಂದು ಮಾತನ್ನು ಸ್ವಲ್ಪ ಜಾಸ್ತಿ ಹೇಳಿಬಿಡುತ್ತೇವೆ. 'ಮಳೆ ನೀರು ಇಂಗಿಸಿ, ಮೇ ತಿಂಗಳಲ್ಲೂ ಬಾವಿ ತುಂಬಿರುತ್ತದೆ' ಅಂತ. ಎಲ್ಲ ಕಡೆ ಹಾಗಾಗುವುದಿಲ್ಲ. ಮುರಕಲ್ಲು ಸ್ಪಂಜಿನ ಹಾಗೆ. ಬೇಗ ಹೀರುತ್ತದೆ, ಬೇಗ ಬಿಡುತ್ತದೆ. ಜುಲೈಯಲ್ಲಿ ಇಂಗಿದ ನೀರಿನ ದೊಡ್ಡ ಪಾಲು ಇಳಿಜಾರಿನಲ್ಲಿ ಕೆಳಕ್ಕೆ ಹೋಗಿ ತೋಡು ಸೇರುತ್ತದೆ. ಬೇಸಿಗೆಗೆ ಜಾಸ್ತಿ ನೆರವಾಗುವುದು ಮಳೆಗಾಲದ ಕೊನೆಯ ನೀರು, ಅಕ್ಟೋಬರ್, ನವೆಂಬರಿನದ್ದು. ನಿಮ್ಮ ಬಾವಿಗೆ ಲಾಭ ಆಗುತ್ತದೆ, ಆದರೆ ಮೂರು ಮರ ಉಳಿಸಿದ್ದಕ್ಕೆ ಟ್ಯಾಂಕರ್ ತರಿಸುವುದೇ ಬೇಡ ಅಂತ ಮೀಟಿಂಗ್‌ನಲ್ಲಿ ಮಾತು ಕೊಡಬೇಡಿ. ಮುಂದಿನ ಏಪ್ರಿಲ್‌ನಲ್ಲಿ ಅವರು ಅದನ್ನೇ ಎತ್ತಿ ಆಡುತ್ತಾರೆ.

ಇನ್ನು ನಿಜವಾದ ಅಪಾಯದ ಮಾತು. ಎರಡು ಇವೆ. ಒಂದು ಬೀಳುವ ಗೆಲ್ಲು. ಅದು ಕಾರಿನ ಗಾಜಿಗೆ ನಿಂತಿತು, ಪುಣ್ಯ. ಮಾವಿನ ಮರಗಳನ್ನು ಒಮ್ಮೆ ಗೊತ್ತಿದ್ದವರಿಗೆ ತೋರಿಸಿ. ಬುಡದಲ್ಲಿ ಅಥವಾ ಕಾಂಡದಲ್ಲಿ ಗಟ್ಟಿ ಅಣಬೆ ಬಂದಿದೆಯಾ? ಕೊಡಲಿಯ ಹಿಂಬದಿಯಿಂದ ತಟ್ಟಿದರೆ ಡೊಳ್ಳು ಸದ್ದು ಬರುತ್ತದಾ? ಬುಡದ ಒಂದು ಬದಿಯ ಮಣ್ಣು ಎದ್ದಿದೆಯಾ? ಮೊದಲು ನೆಟ್ಟಗಿದ್ದ ಮರ ಈಗ ವಾಲಿದೆಯಾ? ಇದರಲ್ಲಿ ಯಾವುದಾದರೂ ಹೌದು ಎಂದಾದರೆ ತಡ ಮಾಡಬೇಡಿ. ಇಲ್ಲದಿದ್ದರೆ ಒಣಗಿದ ಗೆಲ್ಲು, ಬಂದಣಿಕೆ ಹಿಡಿದ ಗೆಲ್ಲು, ಪಾರ್ಕಿಂಗ್ ಮೇಲೆ ಚಾಚಿದ ಭಾರದ ಗೆಲ್ಲು, ಇಷ್ಟನ್ನು ಮಾರ್ಚ್, ಏಪ್ರಿಲ್‌ನಲ್ಲಿ ತೆಗೆಸಿದರೆ ಸಾಕು. ಒಂದು ವರ್ಷಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ತಲೆ ಮಾತ್ರ ಕಡಿಸಬೇಡಿ. ತಲೆ ಕಡಿದ ಮರ ಗಾಬರಿಯಲ್ಲಿ ಚಿಗುರಿದ ಹಾಗೆ ಚಿಗುರುತ್ತದೆ. ಆ ಹೊಸ ಗೆಲ್ಲುಗಳು ಸಿಪ್ಪೆಗೆ ಅಂಟಿಕೊಂಡಂತೆ ಇರುತ್ತವೆ, ಐದಾರು ವರ್ಷದಲ್ಲಿ ದಪ್ಪವಾಗಿ ಮುರಿಯುತ್ತವೆ. ಆಗ ಮತ್ತೆ ಬೈಗುಳ ಮರಕ್ಕೆ.

ಎರಡನೆಯದು ದರೆ. ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಹಾವಲ್ಲ, 'ದರೆಯ ಅಂಚಿನಲ್ಲಿ' ಅನ್ನುವ ಒಂದು ಪದ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರ ಅಡಿಯಲ್ಲಿ ಬಿಳಿ, ಹಳದಿ, ತಿಳಿಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಕಲ್ಲಿನ ಹಾಗೆ ನಿಲ್ಲುತ್ತದೆ. ನೆನೆದರೆ ಬಲ ಕಳೆದುಕೊಂಡು ಜಾರುತ್ತದೆ. ಪ್ರತಿ ವರ್ಷ ಜೂನ್, ಜುಲೈಯಲ್ಲಿ ದರೆ ಕುಸಿದ ಸುದ್ದಿ ಬರುವುದು ಹೆಚ್ಚಾಗಿ ಇಂಥ ಕಡೆಯೇ. ಸೈಟಿಗೆ ಅಂತ ಗುಡ್ಡವನ್ನು ನೆಟ್ಟಗೆ ಕಡಿದಿರುತ್ತಾರೆ, ಶೇಡಿ ಮಳೆಗೆ ತೆರೆದುಕೊಂಡಿರುತ್ತದೆ.

ಮರದ ಬೇರು ದರೆಯನ್ನು ಹಿಡಿದುಕೊಳ್ಳುತ್ತದೆ ಅಂತ ನಾವು ಹೇಳುತ್ತೇವೆ. ಮೇಲಿನ ಒಂದೆರಡು ಮೀಟರ್ ಮಣ್ಣಿಗೆ ಅದು ನಿಜ. ಹದಿನೈದು ಅಡಿಯ ನೆಟ್ಟನೆ ದರೆಗೆ ಅಲ್ಲ. ದರೆಯ ತುದಿಯಲ್ಲೇ ನಿಂತ ದೊಡ್ಡ ಮರ ಗಾಳಿಗೆ ಅಲ್ಲಾಡಿದಾಗ ಮಣ್ಣನ್ನು ಸಡಿಲವೂ ಮಾಡುತ್ತದೆ. ಹಾಗಾಗಿ ಹಲಸಿನ ವಿಷಯದಲ್ಲಿ ನಾನು ಕಣ್ಣು ಮುಚ್ಚಿ ನಿಮ್ಮ ಪಕ್ಷ ಅಲ್ಲ. ಮೊದಲು ಕಾಂಪೌಂಡಿನ ಬಿರುಕು ನೋಡಿ. ಬುಡದ ನೇರಕ್ಕೆ ಮೇಲಿಂದ ಕೆಳಗೆ ಬಿರುಕಿದ್ದು, ಗೋಡೆಯ ಅಡಿ ತಳ್ಳಿದಂತಿದ್ದರೆ ಬೇರಿನ ಕೆಲಸ. ಗೋಡೆಯ ನಡು ಹೊಟ್ಟೆ ಬಂದಂತೆ ಉಬ್ಬಿ, ಮಳೆಯಲ್ಲಿ ಅಲ್ಲಿಂದ ನೀರು ಜಿನುಗುತ್ತಿದ್ದರೆ ಅದು ಹಿಂದೆ ಕೂಡಿದ ನೀರಿನ ಒತ್ತಡ. ಗೋಡೆ ಕಟ್ಟುವಾಗ ನೀರು ಹೋಗಲು ತೂತು ಬಿಟ್ಟಿಲ್ಲ ಎಂದರ್ಥ. ಎರಡನೆಯದಾದರೆ ಮರ ಕಡಿದರೂ ಗೋಡೆ ಬೀಳುತ್ತದೆ.

ಹಲಸು ತೆಗೆಯಲೇಬೇಕು ಎಂದಾದರೆ ಕಾಂಡ ಕಡಿಯಿರಿ, ಬೊಡ್ಡೆ ಕೀಳಬೇಡಿ. ಬೇರು ಕೊಳೆಯಲು ಕೆಲವು ವರ್ಷ ಬೇಕು. ಅಷ್ಟರಲ್ಲಿ ಆ ಅಂಚಿಗೆ ಲಾವಂಚ ಮತ್ತು ಸಣ್ಣ ಪೊದೆಗಳು ಬೇರು ಬಿಟ್ಟಿರಲಿ. ಬೇಸಿಗೆಯಲ್ಲಿ ಕಡಿದು ಮೊದಲ ಮಳೆಗೇ ಲಾವಂಚ ನೆಟ್ಟರೆ ಒಳ್ಳೆಯದು.

ಇಂಗುಗುಂಡಿಯ ಮಾತೂ ಇಲ್ಲೇ ಬರುತ್ತದೆ. ಯಾರಾದರೂ 'ಇಂಟರ್‌ಲಾಕ್ ಹಾಕುವ, ನೀರಿಗೆ ಒಂದು ಇಂಗುಗುಂಡಿ ಮಾಡುವ, ಎರಡೂ ಆಯಿತಲ್ಲ' ಅಂತ ಖಂಡಿತ ಹೇಳುತ್ತಾರೆ. ಬಯಲಿನಲ್ಲಿ ಒಳ್ಳೆಯ ಉಪಾಯ. ದರೆಯ ಹತ್ತಿರ ಮಾಡಿದರೆ ಇಡೀ ಹಿತ್ತಿಲಿನ ನೀರನ್ನು ಒಂದೇ ಕಡೆ ಶೇಡಿಗೆ ಕುಡಿಸಿದ ಹಾಗೆ. ಕೆಳಗೆ ಜನ ಮಲಗಿರುತ್ತಾರೆ. ಮರದ ಅಡಿಯ ಮಣ್ಣು ನೀರನ್ನು ಚದುರಿಸಿ, ಚೂರುಚೂರೇ ಇಂಗಿಸುತ್ತದೆ. ಗುಂಡಿ ಹಾಗಲ್ಲ.

ಈಗ ಆಯ್ಕೆಗಳು. ಎಲ್ಲ ಕಡಿದು ಇಂಟರ್‌ಲಾಕ್ ಹಾಕಿದರೆ ಒಂಬತ್ತು ಕಾರು ನಿಲ್ಲುತ್ತವೆ, ಅದು ನಿಜವಾದ ಲಾಭ, ನಾನು ಸಣ್ಣದು ಅನ್ನುವುದಿಲ್ಲ. ಬದಲಿಗೆ ಸೆಕೆ, ಕೆಳಗಿನವರ ಜಗಳ, ದರೆಯ ಮೇಲೆ ಕಾರುಗಳ ಭಾರ. ಅದಕ್ಕೂ ಮೊದಲು ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಾಗದ ಮರ ಕಡಿಯಲೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. ತೆಂಗು, ಗಾಳಿ ಮರ, ರಬ್ಬರಿನಂಥ ಕೆಲವಕ್ಕೆ ವಿನಾಯಿತಿ ಇದೆ, ಆ ಪಟ್ಟಿ ಆಗಾಗ ಬದಲಾಗಿದೆ. ನಿಮ್ಮ ಮರಗಳ ಹೆಸರು ಬರೆದುಕೊಂಡು ಹೋಗಿ ಕೇಳಿ. ದೊಡ್ಡ ಗೆಲ್ಲು ತೆಗೆಸುವುದಿದ್ದರೂ ಒಂದು ಮಾತು ಕೇಳಿಯೇ ಮಾಡಿ.

ಏನೂ ಮಾಡದೆ ಈಗಿದ್ದ ಹಾಗೇ ಬಿಡುವುದು ಎರಡನೆಯದು. ಅದೂ ಸರಿಯಲ್ಲ. ಒಮ್ಮೆ ಗೆಲ್ಲು ಬಿದ್ದಾಗಿದೆ, ಇನ್ನೊಮ್ಮೆ ಬಿದ್ದು ಯಾರಿಗಾದರೂ ಪೆಟ್ಟಾದರೆ 'ಗೊತ್ತಿದ್ದೂ ಬಿಟ್ಟಿರಿ' ಅನ್ನುವ ಮಾತು ನಿಮ್ಮ ತಲೆಗೇ ಬರುತ್ತದೆ.

ಮೂರನೆಯದು ಎರಡಡಿ ಚೌಕದ ರಾಜಿ. ಕೇಳಲು ಎಲ್ಲರಿಗೂ ಹಿತ. ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು ಇದೇ. ಮರದ ಬೇರು ನಾವು ಚಿತ್ರದಲ್ಲಿ ಬರೆಯುವ ಹಾಗೆ ನೆಟ್ಟಗೆ ಪಾತಾಳಕ್ಕೆ ಹೋಗಿರುವುದಿಲ್ಲ. ಹೆಚ್ಚಿನ ಬೇರು ಮೇಲಿನ ಮೂರಡಿಯೊಳಗೆ, ಗೆಲ್ಲುಗಳ ನೆರಳನ್ನೂ ದಾಟಿ ಹರಡಿರುತ್ತದೆ. ನಮ್ಮಲ್ಲಿ ಅಡಿಗೆ ಮುರಕಲ್ಲು ಸಿಕ್ಕಿದರೆ ಇನ್ನೂ ಮೇಲೆಯೇ. ಮರ ಉಳಿಯಬೇಕಾದರೆ ಎದೆಮಟ್ಟದಲ್ಲಿ ಕಾಂಡ ಎಷ್ಟು ಅಗಲ ಇದೆಯೋ ಅದರ 12 ಪಟ್ಟು ದೂರದವರೆಗೆ ಸುತ್ತಲೂ ನೆಲ ಅಗೆಯಬಾರದು, ಮುಚ್ಚಬಾರದು ಅನ್ನುವುದು ಈ ಕೆಲಸದವರು ಬಳಸುವ ಅಳತೆ. ನಿಮ್ಮ ಮಾವಿನ ಕಾಂಡ ಎರಡಡಿ ಅಗಲ ಇದ್ದರೆ 24 ಅಡಿ. ಎರಡಡಿ ಚೌಕ ಎಲ್ಲಿ, 24 ಅಡಿ ಎಲ್ಲಿ! ಇಂಟರ್‌ಲಾಕ್‌ಗೆ ಅಂತ ಒಂದಡಿ ಅಗೆದಾಗಲೇ ಅರ್ಧ ಬೇರು ಹೋಗಿರುತ್ತದೆ. ಮರ ಮರುದಿನ ಸಾಯುವುದಿಲ್ಲ, ಅದೇ ಮೋಸ. ಮೂರು ನಾಲ್ಕು ವರ್ಷ ಹಸಿರಾಗಿಯೇ ನಿಂತಿರುತ್ತದೆ. ಆಮೇಲೆ ಒಂದು ಜೂನ್ ರಾತ್ರಿ ಬುಡಸಮೇತ ಮಲಗುತ್ತದೆ. ಬಿದ್ದ ಮರಗಳನ್ನು ನೋಡಲು ನನ್ನನ್ನು ಕರೆದಲ್ಲೆಲ್ಲ ಮೊದಲು ಕೇಳುವುದು ಒಂದೇ: 'ಇತ್ತೀಚೆಗೆ ಇಲ್ಲಿ ಏನು ಅಗೆದಿರಿ?' ಚರಂಡಿ, ಕೇಬಲ್, ಇಂಟರ್‌ಲಾಕ್. ಉತ್ತರ ಈ ಮೂರರಲ್ಲಿ ಒಂದು.

ಇನ್ನೊಬ್ಬರು 'ಕಾಡು ಬೇಡ, ಚಂದದ ಲಾನ್ ಮಾಡುವ' ಅನ್ನಬಹುದು. ಏಪ್ರಿಲ್‌ನಲ್ಲಿ ಸ್ನಾನಕ್ಕೆ ನೀರಿಲ್ಲದಾಗ ಹುಲ್ಲಿಗೆ ಟ್ಯಾಂಕರ್ ತರಿಸುತ್ತೀರಾ ಅಂತ ಕೇಳಿ, ಸಾಕು. ಮಿಯಾವಾಕಿ ಕಾಡು ಮಾಡುವ ಅನ್ನುವವರೂ ಸಿಗುತ್ತಾರೆ. ಜಪಾನಿನ ಅಕಿರಾ ಮಿಯಾವಾಕಿಯವರ ಪದ್ಧತಿ, ಒತ್ತೊತ್ತಾಗಿ ಗಿಡ ನೆಟ್ಟು ಎರಡು ಮೂರು ವರ್ಷ ನೀರು, ಕಳೆ ನೋಡಿಕೊಳ್ಳುವುದು. ಬೋಳು ನೆಲಕ್ಕೆ ಒಳ್ಳೆಯದೇ. ಆದರೆ ನಮ್ಮ ಮಳೆಗೆ ಎರಡು ವರ್ಷ ಯಾರೂ ಕೈ ಹಾಕದಿದ್ದರೆ ಹಿತ್ತಿಲು ತಾನೇ ಕಾಡಾಗುತ್ತದೆ, ಹಕ್ಕಿಗಳು ಬೀಜ ಉಚಿತವಾಗಿ ತಂದು ಹಾಕುತ್ತವೆ. ಇದ್ದ ಮಾವು ಕಡಿದು ಮಿಯಾವಾಕಿ ಮಾಡುವುದು ಮಾತ್ರ ಯಾವ ಲೆಕ್ಕಕ್ಕೂ ಬರುವುದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಕೇಳುತ್ತಿದ್ದೆ. ಕಟ್ಟಡಕ್ಕೆ ತಾಗಿದ, ದರೆಯಿಂದಲೂ ಮಾವಿನಿಂದಲೂ ಆದಷ್ಟು ದೂರದ ಎರಡು ಸೆಂಟ್ಸ್ ಬಿಟ್ಟುಕೊಡಿ. ಅಲ್ಲಿ ಮೂರು ಕಾರು ನಿಲ್ಲಲಿ. ನೆಲಕ್ಕೆ ಗಟ್ಟಿ ಇಂಟರ್‌ಲಾಕ್ ಬದಲು ನಡುವೆ ತೂತಿರುವ, ಹುಲ್ಲು ಬೆಳೆಯುವ ಬ್ಲಾಕ್. ಬೇರು ಬರುವ ಕಡೆ ಅಗೆಯದೆ ಮೇಲೆಯೇ ಜಲ್ಲಿ ಹಾಸಿ. ಉಳಿದ ಆರು ಸೆಂಟ್ಸ್‌ನಲ್ಲಿ ಒಂದು ಕಾಲುದಾರಿ, ಎರಡು ಕಲ್ಲುಬೆಂಚು, ಅಷ್ಟೇ. ಒಂಬತ್ತು ಕೇಳಿದವರಿಗೆ ಮೂರು ಕೊಟ್ಟರೆ ಮುಖ ಸಪ್ಪಗಾಗುತ್ತದೆ. ಆದರೆ ಅಲ್ಲಿ ಒಂಬತ್ತು ಕಾರು ನಿಲ್ಲಬೇಕಾದರೆ ದರೆಗೆ ಇಂಜಿನಿಯರ್ ಕೈಯಲ್ಲಿ ಹೊಸ ತಡೆಗೋಡೆ ಕಟ್ಟಿಸಬೇಕು. ಅದರ ಅಂದಾಜು ಖರ್ಚನ್ನು ಮೀಟಿಂಗ್‌ಗೆ ಮೊದಲೇ ತರಿಸಿ ಮೇಜಿನ ಮೇಲಿಡಿ. ಆರು ಕಾರಿನ ಆಸೆ ಅಲ್ಲಿಗೇ ಕರಗುವ ಸಾಧ್ಯತೆ ಜಾಸ್ತಿ.

ಬೆಂಚಿನ ಮಾತು ಸುಮ್ನೆ ಹೇಳಿದ್ದಲ್ಲ. 1984ರಲ್ಲಿ ರೋಜರ್ ಉಲ್ರಿಚ್ ಅನ್ನುವವರು ಅಮೆರಿಕದ ಒಂದು ಆಸ್ಪತ್ರೆಯ ದಾಖಲೆ ನೋಡಿ ಬರೆದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿನ ಮದ್ದೂ ಕಮ್ಮಿ ಬೇಕಾಯಿತು. 46 ಜನರ ಸಣ್ಣ ಅಧ್ಯಯನ, ಅದೊಂದನ್ನೇ ಹಿಡಿದು ಕುಣಿಯುವುದು ಬೇಡ. ಆದರೆ ನಿಮ್ಮ ಅಪಾರ್ಟ್‌ಮೆಂಟಿನ ವಯಸ್ಸಾದವರಿಗೆ ಕದ್ರಿ ಪಾರ್ಕಿನವರೆಗೆ ರಸ್ತೆ ದಾಟಿ ಹೋಗಲು ಆಗುತ್ತದಾ? ಹಿತ್ತಿಲಿಗೆ ಲಿಫ್ಟಿನಲ್ಲಿ ಇಳಿದರಾಯಿತು.

ನಾಗನ ಕಲ್ಲಿನ ವಿಷಯ ಆ ಕುಟುಂಬದವರು ಮತ್ತು ಅವರ ತಂತ್ರಿಗಳು ಹೇಳಬೇಕಾದದ್ದು, ನಾನಲ್ಲ. ನನ್ನ ಲೆಕ್ಕದಿಂದ ಇಷ್ಟು: ನಾಗನ ಬನ ಎಂದರೆ ಪಾಲೆ, ಕಾಸರಕ, ರೆಂಜೆ, ಸುರಗಿ, ಬಳ್ಳಿ, ತರಗೆಲೆ ಎಲ್ಲ ಸೇರಿದ್ದು. ಸುತ್ತ ಕಾಂಕ್ರೀಟ್ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ಗ್ರಿಲ್ ಇಟ್ಟರೆ ಕಲ್ಲು ಉಳಿಯುತ್ತದೆ, ಬನ ಉಳಿಯುವುದಿಲ್ಲ. ಆಟಿ ಅಮಾವಾಸ್ಯೆಗೆ ಪಾಲೆ ಕಷಾಯಕ್ಕೆ ಕೆತ್ತೆ (ತೊಗಟೆ) ಹುಡುಕಿಕೊಂಡು ಪೇಟೆಯೆಲ್ಲ ಅಲೆಯುವವರನ್ನು ಪ್ರತಿ ವರ್ಷ ನೋಡುತ್ತೇನೆ. ನಿಮ್ಮಲ್ಲಿ ಮರವೇ ಇದೆ. ಕುಟುಂಬದವರಿಗೆ ಈ ಮೀಟಿಂಗ್ ವಿಷಯ ಗೊತ್ತಿದೆಯೋ ಇಲ್ಲವೋ, ಮೊದಲು ಒಂದು ಫೋನ್ ಮಾಡಿ.

ಮೀಟಿಂಗ್‌ಗೆ ಮೊದಲು ಇನ್ನೆರಡು ಕೆಲಸ. ಟೇಪ್ ಹಿಡಿದು ಎರಡೂ ಮಾವಿನ ಸುತ್ತಳತೆ ತೆಗೆಯಿರಿ, 3.14ರಿಂದ ಭಾಗಿಸಿದರೆ ಅಗಲ ಹೆಚ್ಚು ಕಮ್ಮಿ ಸಿಗುತ್ತದೆ. ಆಮೇಲೆ ಕೆಳಗಿನ ಮನೆಯವರ ಅಂಗಳಕ್ಕೆ ಹೋಗಿ, ಅಲ್ಲಿಂದ ದರೆಯ ಮತ್ತು ಕಾಂಪೌಂಡಿನ ಫೋಟೋ ತೆಗೆದು ನನಗೆ ಕಳಿಸಿ. ಮಣ್ಣಿನ ಬಣ್ಣ ಕಾಣುವ ಹಾಗೆ ಇರಲಿ. ಅದನ್ನು ನೋಡದೆ ಹಲಸಿನ ವಿಷಯದಲ್ಲಿ ಕಡಿಯಿರಿ ಅಂತಲೂ ಬಿಡಿ ಅಂತಲೂ ನಾನು ಹೇಳುವುದಿಲ್ಲ.